ಶೆಡ್ಡಿನ ಗೆಳೆಯರನ್ನು ಬಿಟ್ಟು ಕಾಲೇಜಿಗೆ ಹೋದರೆ ದ್ರೋಹವಾಗುತ್ತದಾ?

ಪ್ರಶ್ನೆ: ನಮ್ಮೂರು ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಬೆಂಗಳೂರಿಗೆ ದುಡಿಯಲು ಬಂದೆವು. ಈಗ ವೈಟ್‌ಫೀಲ್ಡ್ ಹತ್ತಿರ ಶೆಡ್ಡಿನಲ್ಲಿದ್ದೇವೆ. ಅಪ್ಪ ಗಾರೆ ಕೆಲಸ, ಅವ್ವ ಹೆಲ್ಪರ್. ನನಗೆ 16 ವರ್ಷ. ಎಸ್‌ಎಸ್‌ಎಲ್‌ಸಿಯಲ್ಲಿ 625ಕ್ಕೆ 468 ಬಂದಿದೆ, ಮೇಷ್ಟ್ರು ಡಿಪ್ಲೊಮಾ ಸೇರು ಅಂತಾರೆ. ಶೆಡ್ಡಿನಲ್ಲಿ ಇಬ್ಬರು ಗೆಳೆಯರಿದ್ದಾರೆ, ಒಬ್ಬನಿಗೆ 17, ಇನ್ನೊಬ್ಬನಿಗೆ 18. ಇಬ್ಬರೂ ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವರು. ಹೋದ ವರ್ಷ ಅಪ್ಪ ಮೇಲಿಂದ ಬಿದ್ದು ಕಾಲು ಮುರಿದಾಗ ಆಸ್ಪತ್ರೆಯಲ್ಲಿ ರಾತ್ರಿ ಕಾದವರು ಅವರೇ. ತಮ್ಮ ಬಟವಾಡೆಯಿಂದ 14,000 ರೂಪಾಯಿ ಕೊಟ್ಟರು. ಅವರಿಲ್ಲದಿದ್ದರೆ ನಾನು ಪರೀಕ್ಷೆಗೆ ಕೂರುತ್ತಿರಲಿಲ್ಲ. ಈಗ ಮೂವರೂ ಸೇರಿ ಸೆಂಟ್ರಿಂಗ್ ಕೆಲಸ ಹಿಡಿಯೋಣ, ಸಂಜೆ ಒಬ್ಬನ ಅಣ್ಣನ ಐಡಿಯಲ್ಲಿ ಡೆಲಿವರಿ ಮಾಡೋಣ, ಮೇಸ್ತ್ರಿ ಮುಂಗಡ ಕೊಡ್ತಾನೆ ಅಂತ ಕರೆಯುತ್ತಿದ್ದಾರೆ. ಓದೋಕೆ ಹೋದರೆ ನಮ್ಮನ್ನ ಮರೀತಿ ಅಂತಾರೆ. ಬಿಟ್ಟು ಹೋದರೆ ದ್ರೋಹ ಆಗಲ್ವಾ?

ಉತ್ತರ: ತಮ್ಮಾ, ಆ ಇಬ್ಬರು ಮಾಡಿದ್ದು ಸಣ್ಣ ಕೆಲಸವಲ್ಲ. ದಿನಗೂಲಿಯಲ್ಲಿ ಬದುಕುವ ಹುಡುಗರು 14,000 ರೂಪಾಯಿ ಕೊಡುವುದೆಂದರೆ ಹಲವು ವಾರಗಳ ದುಡಿಮೆಯನ್ನು ಎತ್ತಿ ಕೊಟ್ಟ ಹಾಗೆ. ‘ಅಂಥ ಗೆಳೆಯರ ಸಹವಾಸ ಬಿಡು’ ಎಂದು ನಿನಗೆ ಹೇಳುವವರ ಮಾತನ್ನು ಕೇಳಬೇಡ. ಆದರೆ ಅವರ ಉಪಕಾರವನ್ನು ಯಾವ ರೂಪದಲ್ಲಿ ತೀರಿಸಬೇಕು ಎಂಬುದನ್ನು ಸರಿಯಾಗಿ ನೋಡು. ಅವರು ಕೊಟ್ಟದ್ದು ಹಣ ಮತ್ತು ರಾತ್ರಿಯ ನಿದ್ದೆ. ಹಣವನ್ನು ಹಣದಲ್ಲಿ ತೀರಿಸಬಹುದು, ಕಷ್ಟದಲ್ಲಿ ಜೊತೆಗಿದ್ದುದಕ್ಕೆ ಅವರ ಕಷ್ಟದಲ್ಲಿ ಜೊತೆಗಿರಬಹುದು. ನಿನ್ನ ಮುಂದಿನ ಮೂರು ವರ್ಷವನ್ನು ಅವರು ಕೊಟ್ಟಿರಲಿಲ್ಲ, ಅದನ್ನು ವಾಪಸ್ ಕೊಡುವ ಪ್ರಶ್ನೆಯೂ ಬರುವುದಿಲ್ಲ.

ಇನ್ನೊಂದು ಮಾತು. ಆ 14,000 ನಿನ್ನ ಸಾಲವಲ್ಲ, ನಿಮ್ಮ ಮನೆಯ ಸಾಲ. ಅದನ್ನು ನೀನೊಬ್ಬನೇ ಎದೆಯ ಮೇಲೆ ಹೊತ್ತುಕೊಂಡಿದ್ದೀಯ. ಅಪ್ಪ ಅವ್ವ ಇಬ್ಬರೂ ಆ ಹುಡುಗರನ್ನು ಕೂರಿಸಿಕೊಂಡು ‘ಈ ರೊಕ್ಕ ನಮ್ಮ ಮ್ಯಾಲ ಅದ, ತಿಂಗಳಾ ಇಷ್ಟಿಷ್ಟು ಕೊಡ್ತೀವಿ’ ಎಂದು ಬಾಯಿಬಿಟ್ಟು ಹೇಳಬೇಕು. ತಿಂಗಳಿಗೆ 1,000 ಕೊಟ್ಟರೂ 14 ತಿಂಗಳಲ್ಲಿ ತೀರುತ್ತದೆ. ಇದನ್ನು ಮೊದಲು ಮಾಡಿಸು. ದೊಡ್ಡವರು ಈ ಮಾತು ಆಡದೆ ಸುಮ್ಮನಿದ್ದಾಗಲೇ ಮಕ್ಕಳು ತಮ್ಮ ಓದನ್ನು ಅಡ ಇಡುತ್ತಾರೆ.

ಅಪ್ಪ ಬಿದ್ದದ್ದು ಕೆಲಸದ ಜಾಗದಲ್ಲಾದರೆ ಪರಿಹಾರ ಕೇಳುವ ಹಕ್ಕಿದೆ. ಅದಕ್ಕೆ ಕಾಲಮಿತಿ ಇರುವುದರಿಂದ ತಡ ಮಾಡಬೇಡಿ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಎಕ್ಸ್‌ರೇ, ಅಲ್ಲಿ ಕೆಲಸ ಮಾಡಿದ್ದಕ್ಕೆ ಯಾವುದಾದರೂ ಗುರುತು (ಗೇಟ್ ಪಾಸ್, ಹಾಜರಿ ಪುಸ್ತಕದ ಫೋಟೊ, ಮೇಸ್ತ್ರಿ ಫೋನಿನಲ್ಲಿ ಹಣ ಹಾಕಿದ ವಿವರ) ಹಿಡಿದು ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಿ. ವಕೀಲರಿಗೆ ಹಣವಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ. ಅಪ್ಪನ ಬಳಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಇದ್ದರೆ ಚಿಕಿತ್ಸೆ ಮತ್ತು ಅಪಘಾತದ ಸಹಾಯಧನವನ್ನೂ ಅಲ್ಲೇ ವಿಚಾರಿಸಿ. ಗೆಳೆಯರ ಸಾಲ ತೀರಿಸಲು ಇದೂ ಒಂದು ದಾರಿ.

ಈಗ ಅವರು ಕರೆಯುತ್ತಿರುವ ಕೆಲಸದ ವಿಷಯ. ಮೂರು ಕಡೆ ಅಪಾಯವಿದೆ, ಮೂರೂ ಬೇರೆ ಬೇರೆ ಥರದ್ದು.

ಮುಂಗಡ ಎಲ್ಲಕ್ಕಿಂತ ಕೆಟ್ಟದ್ದು. ನಿನ್ನ ಹೆಸರಿನಲ್ಲಿ ಹತ್ತೋ ಇಪ್ಪತ್ತೋ ಸಾವಿರ ತೆಗೆದುಕೊಂಡರೆ ಕಾಲೇಜು ಶುರುವಾಗುವ ದಿನ ಮೇಸ್ತ್ರಿ ‘ದುಡಿದು ತೀರಿಸಿ ಹೋಗು’ ಎನ್ನುತ್ತಾನೆ. ಮುಂಗಡಕ್ಕಾಗಿ ಮನುಷ್ಯನನ್ನು ಕೆಲಸಕ್ಕೆ ಕಟ್ಟಿಹಾಕುವುದನ್ನು 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ನಿಷೇಧಿಸಿದೆ ನಿಜ. ಆದರೆ ಜೂನ್‌ ತಿಂಗಳಲ್ಲಿ ಅದನ್ನು ಹಿಡಿದು ಉಪವಿಭಾಗಾಧಿಕಾರಿ ಕಚೇರಿಗೆ ಅಲೆಯುವಷ್ಟರಲ್ಲಿ ಪ್ರವೇಶದ ದಿನಾಂಕ ಮುಗಿದಿರುತ್ತದೆ. ಅಪ್ಪ ಬೇರೆ ಖರ್ಚಿಗೆ ಮುಂಗಡ ತೆಗೆದುಕೊಳ್ಳುವುದಿದ್ದರೂ ಅದರಲ್ಲಿ ನಿನ್ನ ಆಳು ಲೆಕ್ಕ ಸೇರಿಸಬೇಡ ಎಂದು ಈಗಲೇ ಹೇಳು.

ಸೆಂಟ್ರಿಂಗ್ ಎತ್ತರದ ಕೆಲಸ. ಕಲ್ಯಾಣ ಮಂಡಳಿಯಲ್ಲಿ ನೋಂದಣಿಗೆ 18 ತುಂಬಿರಬೇಕು. 16ರ ಹುಡುಗ ಬಿದ್ದರೆ ಅವನ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಅಪ್ಪ ಬಿದ್ದಾಗ ಏನಾಯಿತೆಂದು ನೀನೇ ನೋಡಿದ್ದೀಯ, ನೀನು ಬಿದ್ದರೆ ಅದಕ್ಕಿಂತ ಕಷ್ಟ.

ಇನ್ನು ಬೇರೆಯವರ ಐಡಿಯಲ್ಲಿ ಡೆಲಿವರಿ. ನಿನಗೆ ಗೇರ್ ಬೈಕಿನ ಲೈಸೆನ್ಸ್ ಸಿಗುವುದು 18ಕ್ಕೆ. ಅದಕ್ಕೂ ಮೊದಲು ಸಿಕ್ಕಿಬಿದ್ದರೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಪೋಷಕರಿಗೆ ಅಥವಾ ಗಾಡಿ ಮಾಲೀಕನಿಗೆ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗೆ ಜೈಲು. ನಿನಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಕೊಡುವುದಿಲ್ಲ. ಅಪಘಾತವಾದರೆ ವಿಮೆ ಐಡಿ ಇದ್ದವನಿಗೆ, ಗಾಯ ನಿನಗೆ. ಆ ಅಣ್ಣನ ಐಡಿಯೂ ಬಂದ್ ಆಗುತ್ತದೆ. ಅಂದರೆ ಈ ಏರ್ಪಾಡಿನಲ್ಲಿ ಗೆಳೆಯನಿಗೂ ನಷ್ಟವಿದೆ, ಅದನ್ನು ಅವನಿಗೆ ಬಿಡಿಸಿ ಹೇಳು.

ಹಣದ ಲೆಕ್ಕವನ್ನು ಮುಚ್ಚಿಡುವುದು ಬೇಡ. ದಿನಕ್ಕೆ 700ರಂತೆ ತಿಂಗಳಿಗೆ 24 ಹಾಜರಿ ಹಿಡಿದರೆ 16,800. ಮೂರು ವರ್ಷಕ್ಕೆ ಆರು ಲಕ್ಷ ಮುಟ್ಟುತ್ತದೆ. ನೀನು ಓದಲು ಹೋದರೆ ಮನೆ ಅಷ್ಟು ಹಣ ಬಿಟ್ಟುಕೊಡುತ್ತದೆ. ‘ಓದಿದರೆ ಎಲ್ಲ ಸರಿಹೋಗುತ್ತದೆ’ ಎಂದು ಹೇಳುವವರು ಈ ಅಂಕಿಯನ್ನು ನಿನ್ನ ಅವ್ವನ ಮುಂದೆ ಇಡುವುದೇ ಇಲ್ಲ. ಅದಕ್ಕೇ ಮೊದಲ ವರ್ಷದ ಮಧ್ಯದಲ್ಲಿ ಮನೆಯಿಂದ ಫೋನ್ ಬರುತ್ತದೆ, ಹುಡುಗ ವಾಪಸ್ ಬರುತ್ತಾನೆ. ಮೊದಲೇ ಕೂತು ಮಾತಾಡಿ: ನಿನ್ನ ಊಟ ವಸತಿ ಹಾಸ್ಟೆಲ್ಲಿನಲ್ಲಾದರೆ ಮನೆಗೆ ಒಂದು ಹೊಟ್ಟೆಯ ಖರ್ಚು ಇಳಿಯುತ್ತದೆ, ಸರ್ಕಾರಿ ಪಾಲಿಟೆಕ್ನಿಕ್ ಶುಲ್ಕ ವರ್ಷಕ್ಕೆ ಕೆಲವೇ ಸಾವಿರ, ವಿದ್ಯಾರ್ಥಿವೇತನ ತಡವಾಗಿ ಬಂದರೂ ಬರುತ್ತದೆ. ಆದರೆ ಮೊದಲ ಆರು ತಿಂಗಳು ಕೈಯಿಂದ ಖರ್ಚಾಗುತ್ತದೆ. ಶುಲ್ಕ, ಡ್ರಾಯಿಂಗ್ ಸಾಮಾನು, ಯೂನಿಫಾರ್ಮ್, ಹಾಸಿಗೆ ಎಲ್ಲ ಸೇರಿ 12ರಿಂದ 15 ಸಾವಿರ ಇಟ್ಟುಕೊಂಡೇ ಹೊರಡು.

ಕೋರ್ಸಿನ ಆಯ್ಕೆಯಲ್ಲಿ ಮೇಷ್ಟ್ರ ಮಾತು ಸರಿ. ಪಿಯುಸಿ ಮಾಡಿದರೆ ಎರಡು ವರ್ಷದ ಕೊನೆಗೆ ಕೈಯಲ್ಲಿ ಕೆಲಸವಿರುವುದಿಲ್ಲ. ಡಿಪ್ಲೊಮಾ ಮೂರು ವರ್ಷ, ಆರು ಸೆಮಿಸ್ಟರ್. 19ಕ್ಕೆ ಕೆಲಸಕ್ಕೆ ಸೇರಬಹುದು, ಮುಂದೆ ಓದಬೇಕೆನಿಸಿದರೆ ಡಿಸಿಇಟಿ (ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ) ಬರೆದು ನೇರ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗಬಹುದು. ಯಂತ್ರಗಳ ಮೇಲೆ ಮನಸ್ಸಿದ್ದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ನೋಡು. ಅದು ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆ ತರಬೇತಿ. ಕಲಬುರಗಿಯಲ್ಲೂ ಅದರ ಕೇಂದ್ರವಿದೆ, ಅರ್ಜಿ ಬೇರೆ ಹಾಕಬೇಕು.

ಆದರೆ ನಿನ್ನ ವಿಷಯದಲ್ಲಿ ನಮ್ಮ ಒಲವು ಸಿವಿಲ್ ಕಡೆಗೆ. ಹಾಸಿನ ಕೆಳಗೆ ಕವರ್ ಬ್ಲಾಕ್ ಯಾಕೆ ಇಡುತ್ತಾರೆ, ಕಂಬಕ್ಕೆ ರಿಂಗು ಹತ್ತಿರ ಹತ್ತಿರ ಕಟ್ಟುವುದು ಎಲ್ಲಿ, ಕಾಂಕ್ರೀಟಿಗೆ ನೀರು ಜಾಸ್ತಿಯಾದರೆ ಮಾರನೇ ದಿನ ಏನು ಕಾಣುತ್ತದೆ, ಇವನ್ನೆಲ್ಲ ನೀನು ಕಣ್ಣಾರೆ ಕಂಡಿದ್ದೀಯ. ತರಗತಿಯಲ್ಲಿ 1:1.5:3 ಎಂದು ಬರೆದಾಗ ಉಳಿದವರಿಗೆ ಅದು ಬರೀ ಅಂಕಿ. ನಿನಗೆ ಅದು ಒಂದು ಚೀಲ ಸಿಮೆಂಟಿಗೆ ಎಷ್ಟು ಬಾಂಡ್ಲಿ ಮರಳು, ಎಷ್ಟು ಬಾಂಡ್ಲಿ ಜಲ್ಲಿ ಎಂಬ ಲೆಕ್ಕ. ಅಷ್ಟೇ ಅಲ್ಲ, ಸೈಟ್ ಮೇಲ್ವಿಚಾರಕನಾದವನು ಸೆಂಟ್ರಿಂಗ್ ಹುಡುಗರ ಜೊತೆ ದಿನವೂ ಕೆಲಸ ಮಾಡುತ್ತಾನೆ. ಸುರಕ್ಷತಾ ಬೆಲ್ಟ್ ಹಾಕಿಸುವುದು, ಹಾಜರಿ ಸರಿಯಾಗಿ ಬರೆಸುವುದು ಅವನ ಕೈಯಲ್ಲಿರುತ್ತದೆ. ಈ ಓದು ನಿನ್ನ ಗೆಳೆಯರ ಲೋಕದಿಂದ ದೂರ ಹೋಗುವ ಓದಲ್ಲ.

ಎಲ್ಲಿ ಸೇರಬೇಕು? ಬೆಂಗಳೂರಿನಲ್ಲಿ ಕೆ.ಆರ್. ವೃತ್ತದ ಬಳಿಯ ಶ್ರೀ ಜಯಚಾಮರಾಜೇಂದ್ರ ಸರ್ಕಾರಿ ಪಾಲಿಟೆಕ್ನಿಕ್ ಇದೆ, ಹೆಸರುವಾಸಿ, ಪೈಪೋಟಿಯೂ ಜಾಸ್ತಿ. ಆದರೆ ಶೆಡ್ಡಿನಿಂದ ಓಡಾಡಿ ಓದುವ ಯೋಚನೆ ಬೇಡ. ಕಟ್ಟಡ ಮುಗಿದ ಕೂಡಲೇ ಶೆಡ್ ಕೀಳುತ್ತಾರೆ. ಇವತ್ತು ವೈಟ್‌ಫೀಲ್ಡ್, ಆರು ತಿಂಗಳಿಗೆ ದೇವನಹಳ್ಳಿ. ಶೆಡ್ಡಿನ ಮಕ್ಕಳು ಕಾಲೇಜು ಬಿಡುವುದಕ್ಕೆ ಇದು ದೊಡ್ಡ ಕಾರಣ, ಹೊರಗಿನವರ ಕಣ್ಣಿಗೆ ಬೀಳದ ಕಾರಣ. ಬ್ರಾಂಚ್ ಒಂದು ಮೆಟ್ಟಿಲು ಕೆಳಗಾದರೂ ಪರವಾಗಿಲ್ಲ, ಹಾಸ್ಟೆಲ್ ಖಾತ್ರಿಯಿರುವ ಊರನ್ನು ಆರಿಸು.

ಇಲ್ಲಿ ನಿನಗೆ ಒಂದು ಅನುಕೂಲವಿದೆ. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ. 70 ಸೀಟು ಅಲ್ಲಿನವರಿಗೆ ಮೀಸಲು, ರಾಜ್ಯದ ಉಳಿದ ಕಡೆ ಶೇ. 8. ಹತ್ತನೇ ಕ್ಲಾಸು ಬೆಂಗಳೂರಿನಲ್ಲಿ ಓದಿದೆ ಎಂಬ ಕಾರಣಕ್ಕೆ ಈ ಹಕ್ಕು ಹೋಗುವುದಿಲ್ಲ, ಅಲ್ಲಿ ಹುಟ್ಟಿದವರಿಗೆ ಅದು ಸಿಗುತ್ತದೆ. ಆದರೆ ಗ್ರಾಮೀಣ ಮೀಸಲಾತಿಯ ಮೇಲೆ ಆಸೆ ಇಟ್ಟುಕೊಳ್ಳಬೇಡ, ಅದು ಶಾಲೆ ಎಲ್ಲಿತ್ತು ಎಂಬುದನ್ನು ನೋಡುತ್ತದೆ. ಕಲಬುರಗಿ ಸರ್ಕಾರಿ ಪಾಲಿಟೆಕ್ನಿಕ್ಕನ್ನು ಆಯ್ಕೆ ಪಟ್ಟಿಯ ಮೇಲ್ಗಡೆ ಇಡು. ಊರಿನಲ್ಲಿ ಅಜ್ಜಿಯೋ ಕಾಕಾನೋ ಇದ್ದರೆ ಆಸರೆಯೂ ಆಗುತ್ತದೆ.

ಕಾಗದಪತ್ರದಲ್ಲಿ ಸೋಲುವವರೇ ಹೆಚ್ಚು, ಅದಕ್ಕೆ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ. ಮೊದಲು ಹೆಸರು ನೋಡು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವ ನಿನ್ನ ಹೆಸರು, ಅಪ್ಪನ ಹೆಸರು, ಹುಟ್ಟಿದ ದಿನ ಆಧಾರ್‌ನಲ್ಲಿ ಅಕ್ಷರ ಅಕ್ಷರ ಹಾಗೇ ಇದೆಯಾ? ಇಲ್ಲದಿದ್ದರೆ ಆಧಾರನ್ನು ಅಂಕಪಟ್ಟಿಗೆ ಹೊಂದಿಸು. ಅಂಕಪಟ್ಟಿ ತಿದ್ದಿಸಲು ಹೋದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. 15 ತುಂಬಿದ ಮೇಲೆ ಬೆರಳಚ್ಚು ಹೊಸದಾಗಿ ಕೊಡಬೇಕು, ಅದನ್ನೂ ಅದೇ ದಿನ ಮುಗಿಸು. ಇಲ್ಲದಿದ್ದರೆ ಹಾಸ್ಟೆಲ್, ವಿದ್ಯಾರ್ಥಿವೇತನ ಎರಡೂ ಕಡೆ ದೃಢೀಕರಣ ಆಗುವುದಿಲ್ಲ.

ಆಮೇಲೆ ಒಂದೇ ಸಲ ಊರಿಗೆ ಹೋಗಿ ಎಲ್ಲ ಮುಗಿಸಿಕೊಂಡು ಬಾ. ನಾಡಕಚೇರಿಯಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕು. ಅದರ ಮೇಲಿನ ಆರ್‌ಡಿ ಸಂಖ್ಯೆಯೇ ಮುಂದೆ ಎಲ್ಲದಕ್ಕೂ ಬೇಕು. ಆದಾಯ ಪತ್ರಕ್ಕೆ ಐದು ವರ್ಷದ ಅವಧಿ, ಹಳೆಯದು ಇದ್ದರೆ ದಿನಾಂಕ ನೋಡು. ಅಲ್ಲೇ 371(ಜೆ) ವಾಸಸ್ಥಳ ಮತ್ತು ಅರ್ಹತಾ ಪತ್ರಕ್ಕೂ ಹಾಕು. ಅದಕ್ಕೆ ಸಹಿ ಮಾಡುವವರು ಉಪವಿಭಾಗಾಧಿಕಾರಿ, ಹಾಗಾಗಿ ಉಳಿದವುಗಳಿಗಿಂತ ತಡವಾಗುತ್ತದೆ. ಒಂದರಿಂದ ಮೂರರವರೆಗೆ ಓದಿದ ಊರಿನ ಶಾಲೆಯಲ್ಲಿ ವ್ಯಾಸಂಗ ಪ್ರಮಾಣಪತ್ರ ಬರೆಸಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಹಾಕಿಸು. ಬೆಂಗಳೂರಿನ ಶಾಲೆಗಳಲ್ಲೂ ಹಾಗೆಯೇ. ಒಂದರಿಂದ ಹತ್ತರವರೆಗೆ ಪೂರ್ತಿ ಕನ್ನಡ ಮಾಧ್ಯಮದಲ್ಲೇ ಓದಿದ್ದರೆ ಅದಕ್ಕೂ ಮೀಸಲಾತಿ ಇದೆ, ಪತ್ರದಲ್ಲಿ ಮಾಧ್ಯಮ ಬರೆಸುವುದನ್ನು ಮರೆಯಬೇಡ. ಬೇಸಿಗೆ ರಜೆಯಲ್ಲಿ ಮುಖ್ಯೋಪಾಧ್ಯಾಯರು ಸಿಗುವುದಿಲ್ಲ, ಹೊರಡುವ ಮೊದಲೇ ಫೋನ್ ಮಾಡಿ ದಿನ ಗೊತ್ತು ಮಾಡಿಕೊ. ಎಲ್ಲದರದ್ದೂ ಐದು ಜೊತೆ ಜೆರಾಕ್ಸ್ ಇರಲಿ, ಯಾಕೆಂದರೆ ಮೂಲ ವರ್ಗಾವಣೆ ಪತ್ರ ಕಾಲೇಜಿನಲ್ಲೇ ಉಳಿಯುತ್ತದೆ.

ನಿನ್ನ ಹೆಸರಿನಲ್ಲೇ ಬ್ಯಾಂಕ್ ಖಾತೆ ಬೇಕು, ಅದಕ್ಕೆ ಆಧಾರ್ ಜೋಡಣೆ ಆಗಿರಬೇಕು. ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಹಾಸ್ಟೆಲ್ಲಿಗೆ ರಾಜ್ಯ ವಿದ್ಯಾರ್ಥಿನಿಲಯ ಪೋರ್ಟಲ್, ಎರಡೂ ಬೇರೆ ಬೇರೆ ಅರ್ಜಿ. ಒಂದು ಹಾಕಿ ಇನ್ನೊಂದು ತಾನೇ ಆಗುತ್ತದೆಂದು ಕೂತವರು ಬಹಳ. ನಿನ್ನ ವರ್ಗ ಯಾವುದೆಂದು ಬರೆದಿಲ್ಲ. ಪರಿಶಿಷ್ಟ ಜಾತಿಗೆ ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಕ್ಕೆ ಪರಿಶಿಷ್ಟ ವರ್ಗಗಳ ಕಲ್ಯಾಣ, ಉಳಿದಂತೆ ಹಿಂದುಳಿದ ವರ್ಗಗಳ ಅಥವಾ ಅಲ್ಪಸಂಖ್ಯಾತರ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್ ಇರುತ್ತದೆ. ಹಿಂದುಳಿದ ವರ್ಗದವನಾಗಿದ್ದು ಹಾಸ್ಟೆಲ್ ಸಿಗದಿದ್ದರೆ ಸರ್ಕಾರದ ವಿದ್ಯಾಸಿರಿ ಯೋಜನೆಯಲ್ಲಿ ಊಟ ವಸತಿಗೆಂದು ತಿಂಗಳ ಲೆಕ್ಕದಲ್ಲಿ ಹಣ ಕೊಡುತ್ತಾರೆ. ಈ ಖಾತೆಯನ್ನು ಯಾರಿಗೂ ಬಳಸಲು ಕೊಡಬೇಡ. ‘ನಿನ್ನ ಅಕೌಂಟಿಗೆ ದುಡ್ಡು ಬರುತ್ತೆ, ತೆಗೆದುಕೊಡು’ ಎಂದು ಗೆಳೆಯನ ಗೆಳೆಯ ಕೇಳಿದರೂ ಕೊಡಬೇಡ. ಅದು ಸೈಬರ್ ವಂಚನೆಯ ಹಣವಾಗಿದ್ದರೆ ಖಾತೆ ತಡೆಹಿಡಿಯುತ್ತಾರೆ, ವಿದ್ಯಾರ್ಥಿವೇತನವೂ ಅದರಲ್ಲೇ ಸಿಕ್ಕಿಕೊಳ್ಳುತ್ತದೆ.

ಈಗ ಗೆಳೆಯರಿಗೆ ಹೇಳುವ ಬಗೆ. ಬೇರೆಯವರ ಬಾಯಿಂದ ಅವರಿಗೆ ಗೊತ್ತಾಗಬಾರದು. ಬಟವಾಡೆಯ ಸಂಜೆ ಬೇಡ, ಇಬ್ಬರ ಮುಂದೆ ಒಟ್ಟಿಗೆ ಬೇಡ. ಯಾರಿಗೆ ಹೆಚ್ಚು ನೋವಾಗುತ್ತದೋ ಅವನಿಗೆ ಮೊದಲು, ಒಬ್ಬನೇ ಇದ್ದಾಗ ಹೇಳು. ಸುಳ್ಳು ನೆಪ ಬೇಡ. ‘ಸೀಟು ಸಿಗಲಿಕ್ಕಿಲ್ಲ, ನೋಡೋಣ’ ಎಂದು ತಳ್ಳುತ್ತಾ ಹೋದರೆ ಅವರು ಮೇಸ್ತ್ರಿಗೆ ಮಾತು ಕೊಟ್ಟುಬಿಡುತ್ತಾರೆ, ಆಮೇಲೆ ನೀನು ಹಿಂದೆ ಸರಿದರೆ ಅವರ ಮರ್ಯಾದೆ ಹೋಗುತ್ತದೆ. ಅದು ಮಾತ್ರ ನಿಜವಾದ ದ್ರೋಹ. ಹೀಗೆ ನೇರವಾಗಿ ಹೇಳಬಹುದು: ‘ನಾ ಡಿಪ್ಲೊಮಾಕ್ಕ ಅರ್ಜಿ ಹಾಕೀನಿ, ಸೀಟು ಸಿಕ್ರ ಹೋಗಾಂವ. ಮೇಸ್ತ್ರಿ ಲೆಕ್ಕದಾಗ ನನ್ನ ಹಿಡೀಬ್ಯಾಡ್ರಿ. ಅಪ್ಪ ಬಿದ್ದಾಗ ನೀವು ಮಾಡಿದ್ದು ನಮ್ಮ ಮನಿ ಮರೆಯಂಗಿಲ್ಲ, ರೊಕ್ಕ ತಿಂಗಳಾ ಮುಟ್ಟತದ.’ ಇಷ್ಟು ಸಾಕು. ಓದಿನ ಲಾಭ ವಿವರಿಸಲು ಹೋಗಬೇಡ, ಶಾಲೆ ಬಿಟ್ಟವನಿಗೆ ಅದು ಬೈದ ಹಾಗೆ ಕೇಳುತ್ತದೆ. ‘ಮುಂದೆ ನಿಮಗೂ ಕೆಲಸ ಕೊಡಿಸ್ತೀನಿ’ ಎಂದು ಮಾತು ಕೊಡಬೇಡ, ಅದು ನಿನ್ನ ಕೈಯಲ್ಲಿಲ್ಲ.

ಅವರು ಸಿಟ್ಟಾಗಬಹುದು, ಕೆಲವು ವಾರ ಮಾತು ಬಿಡಬಹುದು. ನೀನು ಬಿಡಬೇಡ. ವಾಟ್ಸ್‌ಆ್ಯಪ್ ಗುಂಪಿನಿಂದ ಹೊರಗೆ ಬರಬೇಡ. ಬೆಂಗಳೂರಿನಲ್ಲೇ ಸೇರಿದರೆ ತಿಂಗಳ ಮೊದಲ ಭಾನುವಾರ ಶೆಡ್ಡಿಗೆ ಹೋಗು, ಕಲಬುರಗಿಯಾದರೆ ಮೊಹರಂಗೋ ಕಾರಹುಣ್ಣಿಮೆಗೋ ಅವರು ಊರಿಗೆ ಬಂದಾಗ ಸೇರು. ಆದರೆ ವಾರ ವಾರ ಓಡಿಬರುವುದು ಬೇಡ. ಹಾಜರಿ ಶೇ. 75 ಇರಬೇಕು. ಸೋಮವಾರ ಬೆಳಗಿನ ತರಗತಿ ತಪ್ಪುತ್ತಾ ಹೋದರೆ ಸೆಮಿಸ್ಟರ್ ಕೊನೆಗೆ ಪರೀಕ್ಷೆಗೇ ಕೂರಿಸುವುದಿಲ್ಲ. ಅವರ ಪರವಾಗಿ ಗಲಾಟೆಗೆ ಹೋಗುವುದೂ ಬೇಡ, ಪೊಲೀಸ್ ಪ್ರಕರಣ ದಾಖಲಾದರೆ ಯಾರನ್ನೂ ಉಳಿಸಲು ನಿನ್ನಿಂದ ಆಗುವುದಿಲ್ಲ.

ಫಲಿತಾಂಶಕ್ಕೂ ತರಗತಿಗೂ ನಡುವಿನ ಈ ಎರಡು ತಿಂಗಳು ಎಲ್ಲಕ್ಕಿಂತ ಜಾರುವ ಜಾಗ. ‘ಸುಮ್ಮನೆ ಕೂತಿದ್ದೀಯಲ್ಲ, ಎರಡು ತಿಂಗಳು ಬಾ’ ಎಂದು ಕರೆಯುತ್ತಾರೆ, ಕೈಯಲ್ಲಿ ನೋಟು ಆಡಿದ ಮೇಲೆ ಬಿಡುವುದು ಕಷ್ಟ. ದುಡಿಯಲೇಬೇಕಾದರೆ ಅಂಗಡಿ, ಜೆರಾಕ್ಸ್ ಸೆಂಟರಿನಂಥ ನೆಲದ ಮೇಲಿನ ಕೆಲಸ ನೋಡು. ನಿನ್ನ ವಯಸ್ಸಿನವರನ್ನು ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ದುಡಿಸುವಂತಿಲ್ಲ, ದಿನಕ್ಕೆ ವಿರಾಮವೂ ಸೇರಿ ಆರು ಗಂಟೆ ಮೀರುವಂತಿಲ್ಲ. ಉಳಿದ ಹೊತ್ತಿನಲ್ಲಿ ಗಣಿತ ಮಾಡು. ಕನ್ನಡ ಮಾಧ್ಯಮದ ಹುಡುಗರು ಮೊದಲ ವರ್ಷ ಎಡವುವುದು ಎಂಜಿನಿಯರಿಂಗ್ ಗಣಿತದಲ್ಲಿ, ಅದೂ ಇಂಗ್ಲಿಷ್ ಪದಗಳ ಮುಂದೆ. ಒಂಬತ್ತು ಹತ್ತರ ಇಂಗ್ಲಿಷ್ ಮಾಧ್ಯಮದ ಗಣಿತ ಪುಸ್ತಕವನ್ನು ನಿನ್ನ ಕನ್ನಡ ಪುಸ್ತಕದ ಪಕ್ಕ ಇಟ್ಟುಕೊಂಡು ಬೀಜಗಣಿತ, ತ್ರಿಕೋನಮಿತಿ ಎರಡನ್ನೂ ಮತ್ತೆ ಮಾಡು. ಲೆಕ್ಕ ಗೊತ್ತಿರುವುದೇ, ಪದ ಮಾತ್ರ ಕಲಿಯಬೇಕು.

ಹಾಸ್ಟೆಲ್ಲಿನಲ್ಲಿ ಮೊದಲ ತಿಂಗಳು ಒಂಟಿತನ ಕಾಡುತ್ತದೆ, ‘ಇಲ್ಲಿ ನನ್ನವರು ಯಾರೂ ಇಲ್ಲ’ ಅನಿಸುತ್ತದೆ. ಅದನ್ನು ತಪ್ಪು ದಾರಿ ಹಿಡಿದೆ ಎಂಬುದರ ಗುರುತು ಎಂದುಕೊಳ್ಳಬೇಡ. ನಿದ್ದೆ ಊಟ ಕೆಟ್ಟರೆ, ಮನಸ್ಸು ತೀರಾ ಕುಗ್ಗಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲೋ ಮೇಸ್ತ್ರಿಯೋ ಬಲವಂತದಿಂದ ಕೆಲಸಕ್ಕೆ ಎಳೆದರೆ ಮಕ್ಕಳ ಸಹಾಯವಾಣಿ 1098.

ಕೊನೆಗೆ ಆ ಇಬ್ಬರ ವಿಷಯ. ಓದು ನಿನಗೊಬ್ಬನಿಗೇ ಉಳಿದಿರುವುದು ಎಂದು ನೀವು ಮೂವರೂ ನಂಬಿದ ಹಾಗಿದೆ. ಒಂಬತ್ತಕ್ಕೆ ಬಿಟ್ಟವರೆಂದರೆ ಎಂಟನೇ ಕ್ಲಾಸು ಪಾಸಾದವರು. ಐಟಿಐನಲ್ಲಿ ವೆಲ್ಡರ್, ವೈರ್‌ಮನ್, ಪ್ಲಂಬರ್ ಕೋರ್ಸುಗಳಿಗೆ ಎಂಟನೇ ಕ್ಲಾಸು ಸಾಕು. ವೆಲ್ಡರ್ ಕೋರ್ಸ್ ಒಂದೇ ವರ್ಷ. ಕೆಲಸ ಬಿಡಲು ಆಗದವನು ಖಾಸಗಿ ಅಭ್ಯರ್ಥಿಯಾಗಿ ನೇರ ಎಸ್‌ಎಸ್‌ಎಲ್‌ಸಿ ಬರೆಯಬಹುದು, ಪ್ರೌಢಶಾಲೆಯ ಮೂಲಕ ನೋಂದಣಿ ಮಾಡಿಸಬೇಕು. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇರುವುದರಿಂದ ಉಳಿದುಹೋದ ವಿಷಯ ಅದೇ ವರ್ಷ ಮತ್ತೆ ಕಟ್ಟಬಹುದು. ನಿನ್ನ ನೋಟ್ಸ್, ಪುಸ್ತಕ ಅವನ ಕೈಗೆ ಕೊಡು. 18 ತುಂಬಿದವನಿಗೆ ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ದೃಢೀಕರಣ ಇದ್ದರೆ ಕಲ್ಯಾಣ ಮಂಡಳಿಯ ಕಾರ್ಡ್ ಆಗುತ್ತದೆ. ಆ ಅರ್ಜಿಯನ್ನು ನೀನೇ ಕೂತು ತುಂಬಿಕೊಡು, ಈ ತಿಂಗಳೇ.